ಪೆಟ್ಟಿಗೆಯೊಳಗಿನ ಕಾವು

ಕಂಪ್ಯೂಟರ್ ಮತ್ತೆ ತಾನಾಗಿ ಆರಿಹೋದಾಗ ಕೌತಾಳಂನ ಕೆಂಚಣ್ಣ ಅಂಗಡಿಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಪದ್ಮಜಾ ಹಲ್ಲು ಕಚ್ಚಿಕೊಂಡು ಕಪ್ಪಾದ ಪರದೆಯನ್ನೇ ನೋಡಿದಳು. ಮುಕ್ಕಾಲು ಮುಗಿದಿದ್ದ ವಿಡಿಯೋ ಮತ್ತೆ ಮೊದಲಿಗೆ ಬಂದಿತ್ತು. ಕೆಂಚಣ್ಣನಿಗೆ ಇದೆಲ್ಲ ತಿಳಿಯದು. ಪರದೆ ಆರಿದ್ದನ್ನು ಕಂಡು, ಕೆಲಸ ಮುಗಿಯಿತೇನೋ ಎಂದುಕೊಂಡು ಟವೆಲ್ಲನ್ನು ಹೆಗಲಿಗೇರಿಸಿ ಎದ್ದು ನಿಂತ.

"ಆತೇನವ್ವಾ?" ಎಂದ.

ಅವಳು ಅವನಿಗೆ ಆಗಿಲ್ಲ ಎಂದು ಹೇಳುತ್ತಿದ್ದುದು ಅದೇ ಮೊದಲ ಸಲವಾಗಿರಲಿಲ್ಲ.

ಕೆಂಚಣ್ಣ ಕುರಿ ಸಾಕುವವನು. ಮಗಳು ಭವಾನಿಯ ಮದುವೆಯ ಫೋಟೊ, ವಿಡಿಯೋ ಎರಡನ್ನೂ ಆದೋನಿಯ ಬಾಲರಾಜನ ಸ್ಟುಡಿಯೋಗೆ ಒಪ್ಪಿಸಿದ್ದ. ಆ ಮದುವೆಯಲ್ಲಿ ಸುರಗಿಯ ಹೊತ್ತಿಗೆ, ನಾಲ್ಕು ಮೂಲೆಗೆ ಚೊಂಬಿಟ್ಟು ನೂಲು ಸುತ್ತಿ ಮಗಳಿಗೆ ನೀರೆರೆಯುವಾಗ, ಅವನ ಹೆಂಡತಿ ಭೀಮಕ್ಕ ಸೋಬಾನೆ ಪದ ಹಾಡಿದ್ದಳು. ಸುತ್ತಲ ಹಳ್ಳಿಗಳಲ್ಲಿ ಮದುವೆಯೆಂದರೆ ಹಾಡಲು ಭೀಮಕ್ಕನನ್ನೇ ಕರೆಸುತ್ತಿದ್ದರು. ಅಂಥವಳು ಸ್ವಂತ ಮಗಳ ಮದುವೆಯಲ್ಲಿ ಸುಮ್ಮನಿರುತ್ತಾಳೆಯೇ? ಗಂಟಲು ಒಡೆಯುವ ತನಕ ಹಾಡಿದಳು. ಮದುವೆಯಾಗಿ ತಿಂಗಳು ಕಳೆಯುವಷ್ಟರಲ್ಲಿ ಕಾಮಾಲೆ ಬಂದು ತೀರಿಹೋದಳು. ನೆಂಟರು ಫೋನಿನಲ್ಲಿ ಹಿಡಿದಿದ್ದರಲ್ಲಿ ಬರೀ ಬ್ಯಾಂಡಿನ ಗದ್ದಲವಿತ್ತು. ಬಾಲರಾಜ ಮಾತ್ರ ಮೈಕನ್ನು ಅವಳ ಹತ್ತಿರ ಒಯ್ದು ಹಿಡಿದಿದ್ದ. ಭೀಮಕ್ಕನ ದನಿ ಸ್ವಚ್ಛವಾಗಿ ಉಳಿದಿದ್ದರೆ ಈ ಕಂಪ್ಯೂಟರಿನಲ್ಲೇ.

ಬಾಲರಾಜ ಪದ್ಮಜಾಳ ಒಡಹುಟ್ಟಿದ ಅಣ್ಣ. ಅವನು ತೆಗೆಯುವುದು, ಅವಳು ಕತ್ತರಿಸಿ ಜೋಡಿಸುವುದು. ಸ್ಟುಡಿಯೋ ನಡೆಯುತ್ತಿದ್ದುದೇ ಹಾಗೆ. ಡಿಗ್ರಿಯಲ್ಲಿ ಕಂಪ್ಯೂಟರ್ ಓದಿದ್ದಳು, ಮದುವೆಯಾದ ಮೇಲೂ ಇದೇ ಊರಿನಲ್ಲಿದ್ದಳು, ಬೆಳಿಗ್ಗೆ ಮನೆಗೆಲಸ ಮುಗಿಸಿ ಬಂದು ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದಳು. ಅಂಗಡಿಯ ಹೆಸರು ಮಾತ್ರ ಅಣ್ಣನದು.

ಅಂಗಡಿ ಇದ್ದದ್ದು ಹತ್ತಿ ಮಿಲ್ಲುಗಳ ಹಿಂದಿನ ಬೀದಿಯಲ್ಲಿ. ಹತ್ತಿ ಬರುವ ತಿಂಗಳುಗಳಲ್ಲಿ ಆ ಬೀದಿಯ ಕರೆಂಟು ತಂತಿ, ಬೇವಿನ ಎಲೆ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಅರಳೆಯ ಎಳೆ ಕೂತಿರುತ್ತಿತ್ತು. ಹೊಸ ಕಂಪ್ಯೂಟರಿಗೆ ಧೂಳು ಹಿಡಿಯಬಾರದೆಂದು ಬಾಲರಾಜ ಬಡಗಿಯಿಂದ ಒಂದು ಮರದ ಪೆಟ್ಟಿಗೆ ಮಾಡಿಸಿದ್ದ. ಮುಂದೆ ಗಾಜಿನ ಬಾಗಿಲು, ಅದಕ್ಕೊಂದು ಪುಟ್ಟ ಬೀಗ, ಮೇಲೆ ಲಕ್ಷ್ಮಿಯ ಫೋಟೊ. ಸಿಪಿಯು ಡಬ್ಬಿಯನ್ನು ಅದರೊಳಗೆ ಕೂರಿಸಿ, ಹಚ್ಚುವ ಬಟನ್ನು, ಪೆನ್ ಡ್ರೈವ್ ಚುಚ್ಚುವ ವೈರು ಎರಡನ್ನೂ ಹಿಂದಿನ ಒಂದು ತೂತಿನಿಂದ ಮೇಜಿನ ಮೇಲೆ ತರಿಸಿ, ಬೀಗದ ಕೈಯನ್ನು ತನ್ನ ಬೈಕಿನ ಕೀ ಗೊಂಚಲಿಗೆ ಪೋಣಿಸಿಕೊಂಡಿದ್ದ. ಬಂದವರಿಗೆಲ್ಲ ಆ ಪೆಟ್ಟಿಗೆಯನ್ನು ತೋರಿಸುತ್ತಿದ್ದ.

ಬೇಸಿಗೆ ಏರುತ್ತಿದ್ದ ಹಾಗೆ ಯಂತ್ರ ಆರತೊಡಗಿತು. ಫೋಟೊ ತಿದ್ದುವಾಗ ಏನೂ ಆಗುತ್ತಿರಲಿಲ್ಲ. ಇಡೀ ಮದುವೆಯ ವಿಡಿಯೋವನ್ನು ಒಂದುಗೂಡಿಸಿ ಹೊರತೆಗೆಯಲು ಹಾಕಿದರೆ ಒಳಗಿನ ಫ್ಯಾನು ಅರಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಕತ್ತಲೆ. ಪದ್ಮಜಾ ಗಾಜಿನ ಮೇಲೆ ಅಂಗೈ ಇಟ್ಟು ನೋಡಿದಳು. ಒಲೆಯ ಪಕ್ಕದ ಗೋಡೆಯಂತೆ ಕಾದಿತ್ತು. ಪ್ರೊಸೆಸರಿನ ಶಾಖ ತೋರಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಹಾಕಿಕೊಂಡು ಗಮನಿಸಿದಳು. ಸುಮ್ಮನಿದ್ದಾಗಲೇ ಅರವತ್ತು ಡಿಗ್ರಿಯ ಮೇಲೆ ಇರುತ್ತಿತ್ತು. ವಿಡಿಯೋ ಹಾಕಿದೊಡನೆ ಎಂಬತ್ತು, ತೊಂಬತ್ತು ದಾಟಿ ನೂರು ಮುಟ್ಟುತ್ತಿತ್ತು. ಮುಟ್ಟಿದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು. ಇನ್ನೂ ಕಾದರೆ ತಾನು ಸುಟ್ಟುಹೋಗುತ್ತೇನೆಂದು ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು, ಅಷ್ಟೆ.

ಅಣ್ಣನಿಗೆ ಹೇಳಿದಳು. "ಬಿಸಿ ಆಗಾಕತ್ತೈತಿ. ಒಳಗ ಗಾಳಿ ಆಡವಲ್ದು. ಆ ಬಾಗ್ಲಾ ತೆಗೆದಿಡು."

"ಆದೋನಿ ಬಿಸ್ಲಾಗ ಮನಷ್ಯಾರೇ ಕುದೀತಾರ, ಡಬ್ಬಿ ಬಿಸಿ ಆಗಲ್ಲೇನು?" ಎಂದ ಬಾಲರಾಜ. ಬಾಗಿಲು ತೆಗೆದಿಟ್ಟರೆ ಅರಳೆಯೆಲ್ಲ ಒಳಗೆ ಹೋಗುತ್ತದೆ ಎಂದೂ ಹೇಳಿದ.

ಆದರೂ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ನಾಗೇಶನನ್ನು ಕರೆಸಿದ. ನಾಗೇಶ ಬಂದದ್ದು ಬೆಳಿಗ್ಗೆ, ಅಂಗಡಿಯ ಬಾಗಿಲು ಆಗಷ್ಟೆ ತೆರೆದಿದ್ದಾಗ. ಪೆಟ್ಟಿಗೆಯ ಬೀಗ ತೆಗೆಸಿದ, ಗಾಜಿನ ಬಾಗಿಲನ್ನು ಅಗಲವಾಗಿ ತೆರೆದಿಟ್ಟ, ಯಂತ್ರ ಚಾಲೂ ಮಾಡಿ ಅಂಕಿ ನೋಡಿದ. ಐವತ್ತರೊಳಗಿತ್ತು. ನಾರ್ಮಲ್ ಅಂದ. ಈ ಪ್ರೊಸೆಸರ್ ನೂರರ ತನಕ ತಡೆಯುತ್ತದೆಂದು ಮಾಡಿದ ಕಂಪನಿಯವರೇ ಬರೆದಿದ್ದಾರೆ, ಪರವಾಲೇದು, ಏನೂ ಆಗಲ್ಲ ಎಂದ.

"ಈಗ ಏನೂ ಕೆಲ್ಸ ಮಾಡವಲ್ದು, ಅದಕ್ಕ ತಣ್ಣಗೈತಿ," ಎಂದಳು ಪದ್ಮಜಾ. "ಮದುವಿ ವಿಡಿಯೋ ಹಾಕ್ತೀನಿ. ಬಾಗ್ಲಾ ಹಾಕು. ಕುಂತು ನೋಡು."

ನಾಗೇಶನಿಗೆ ಎಮ್ಮಿಗನೂರಿನಲ್ಲಿ ಬೇರೆ ಕೆಲಸವಿತ್ತು. ಚಹಾ ಕುಡಿದು ಹೋದ. ಹೋಗುವಾಗ ಅಣ್ಣನ ಹತ್ತಿರ ಇದು ವೋಲ್ಟೇಜಿನ ತೊಂದರೆ ಎಂದು ಹೇಳಿಹೋದ. ಹೊಸ ಯುಪಿಎಸ್ ಬಂತು. ಅದು ಬಂದ ಮಧ್ಯಾಹ್ನವೇ ಯಂತ್ರ ಮತ್ತೆ ಆರಿತು. ಆಗ ನಾಗೇಶ ಫೋನಿನಲ್ಲಿ ವೈರಸ್ ಎಂದ. ಪದ್ಮಜಾ ಹಾಕಿಕೊಂಡಿದ್ದ ಆ ಶಾಖದ ಪ್ರೋಗ್ರಾಮಿನ ಜೊತೆಗೇ ವೈರಸ್ ಬಂದಿರಬೇಕು ಎಂದೂ ಹೇಳಿದ. ಬಾಲರಾಜ ತಂಗಿಯನ್ನು ಕುರ್ಚಿಯಿಂದ ಎಬ್ಬಿಸಿ, ತಾನೇ ಕೂತು, ಆ ಪ್ರೋಗ್ರಾಮನ್ನು ಅಳಿಸಿಹಾಕಿದ. ಅವಳು ಪಕ್ಕದಲ್ಲಿ ನಿಂತು ನೋಡಿದಳು. ಜ್ವರವಿದೆ ಎಂದವಳ ಕೈಯಿಂದ ಥರ್ಮಾಮೀಟರ್ ಕಿತ್ತು ಬಿಸಾಡಿದ ಹಾಗಿತ್ತು.

ಕೆಂಚಣ್ಣ ಕಾದು ಕೂತಿದ್ದ ಆ ದಿನ ಯಂತ್ರ ಆರಿದ್ದು ಇಷ್ಟೆಲ್ಲ ಆದ ಮೇಲೆ. ಆಗಿಲ್ಲ ಎಂದು ಪದ್ಮಜಾ ಹೇಳಿದಾಗ ಅವನು ರೇಗಲಿಲ್ಲ. "ಪೂರ್ತಿ ಆಗ್ಲಿಲ್ಲಂದ್ರ ಬ್ಯಾಡ ಬಿಡವ್ವಾ," ಎಂದ. "ಆಕಿ ಹಾಡಿದ್ದಷ್ಟು ತೋರ್ಸು. ನೋಡಿ ಬಸ್ ಹತ್ತೀನಿ."

ಕತ್ತರಿಸದ ವಿಡಿಯೋವನ್ನು ಯಾರಿಗೂ ತೋರಿಸಬಾರದು, ಕೊಡಬಾರದು, ಅದರಿಂದ ಸ್ಟುಡಿಯೋ ಹೆಸರು ಕೆಡುತ್ತದೆ ಎಂಬುದು ಬಾಲರಾಜನ ಕಟ್ಟಪ್ಪಣೆ. ಪದ್ಮಜಾ ಅದನ್ನು ಮುರಿಯಲು ಹೊರಟಳು. ಯಂತ್ರವನ್ನು ಮತ್ತೆ ಹಚ್ಚಿದಳು. ಕಾದಿದ್ದ ಯಂತ್ರ ಪೂರ್ತಿ ಎದ್ದೇಳುವ ಮೊದಲೇ ಮತ್ತೆ ಆರಿತು. ಅಷ್ಟರಲ್ಲಿ ಬಾಲರಾಜ ಹೊರಗಿನಿಂದ ಬಂದ. ಕೆಂಚಣ್ಣನ ಹೆಗಲ ಮೇಲೆ ಕೈ ಹಾಕಿ ಬಾಗಿಲಾಚೆ ಕರೆದೊಯ್ದು, ನಮ್ಮ ಹುಡುಗಿ ಏನೋ ತಪ್ಪು ಬಟನ್ ಒತ್ತಿಬಿಟ್ಟಿದ್ದಾಳೆ, ಬರುವ ವಾರ ಖಂಡಿತ ಎಂದು ಹೇಳುವುದು ಅವಳಿಗೆ ಕೇಳಿಸಿತು. ಕೆಂಚಣ್ಣ ಒಳಗೊಮ್ಮೆ ಇಣುಕಿ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದು ಅವಳಿಗೆ ಸಿಟ್ಟಿಗಿಂತ ಹೆಚ್ಚು ಚುಚ್ಚಿತು.

ಮರುದಿನ ಅವಳು ಗೋನೆಗಂಡ್ಲಕ್ಕೆ ಹೋಗಲೇಬೇಕಿತ್ತು. ನಾದಿನಿಯ ಮಗುವಿಗೆ ತೊಟ್ಟಿಲ ಶಾಸ್ತ್ರ. ಹಿಂದಿರುಗಿದ ಕೂಡಲೇ ಅಣ್ಣನಿಗೆ ಹೇಳದೆಯೇ ಭೀಮಕ್ಕನ ಹಾಡನ್ನು ಒಂದು ಪೆನ್ ಡ್ರೈವಿಗೆ ಹಾಕಿಟ್ಟುಬಿಡಬೇಕು ಎಂದು ಬಸ್ಸಿನಲ್ಲೇ ನಿಶ್ಚಯಿಸಿಕೊಂಡಳು.

ಹಿಂದಿರುಗಿ ಬಂದು ಕಂಪ್ಯೂಟರ್ ಹಚ್ಚಿದರೆ ಪರದೆಯ ಮೇಲೆ ಏನೂ ಇರಲಿಲ್ಲ. ಹೊಸದಾಗಿ ತಂದ ದಿನ ಹೇಗಿತ್ತೋ ಹಾಗಿತ್ತು.

"ಫಾರ್ಮ್ಯಾಟ್ ಮಾಡ್ಸೀನಿ," ಎಂದ ಬಾಲರಾಜ. ಒಳ್ಳೆಯ ಕೆಲಸ ಮುಗಿಸಿದವನ ದನಿಯಿತ್ತು. ನಾಗೇಶ ಬಂದಿದ್ದ, ವೈರಸ್ ಎಲ್ಲೆಲ್ಲೂ ಅಡಗಿರುತ್ತದೆಂದು ಡಿಸ್ಕಿನ ಎಲ್ಲ ಭಾಗಗಳನ್ನೂ ಅಳಿಸಿ ಹೊಸದಾಗಿ ಹಾಕಿದ್ದಾನೆ, ಅದಕ್ಕೆ ಮೊದಲು ಎಲ್ಲ ಕೆಲಸವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಟ್ಟಿದ್ದೇವೆ, ಹೆದರಬೇಡ ಎಂದ.

ಅವಳು ಹಾರ್ಡ್ ಡಿಸ್ಕ್ ಚುಚ್ಚಿ ನೋಡಿದಳು. ಭವಾನಿ ಮದುವೆಯ ಫೋಲ್ಡರ್ ಇತ್ತು. ತೆರೆದಳು. ಚಪ್ಪರ, ನೆಂಟರು, ಅರಿಶಿನ ಎಲ್ಲ ಇತ್ತು. ಸುರಗಿಯ ಮೊದಲ ತುಣುಕೂ ಇತ್ತು. ಅದರ ಮುಂದಿನದನ್ನು ಒತ್ತಿದರೆ ತೆರೆಯಲಿಲ್ಲ. ಅದರಾಚೆ ಏನೂ ಇರಲಿಲ್ಲ. ತಾಳಿ ಇರಲಿಲ್ಲ, ಅಕ್ಕಿಕಾಳು ಇರಲಿಲ್ಲ, ಹೆಣ್ಣು ಒಪ್ಪಿಸಿದ್ದು ಇರಲಿಲ್ಲ.

"ಕಾಪಿ ಮಾಡೋವಾಗ ಏನಾತು?" ಎಂದು ಕೇಳಿದಳು.

ಬಾಲರಾಜ ಮೊದಲು ಏನೂ ಆಗಿಲ್ಲ ಎಂದ. ಅವಳು ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದಳು. ಆಗ ಒಂದೊಂದೇ ಹೊರಬಿತ್ತು. ಒಂದು ಕಡೆ ಕಾಪಿ ನಡೆಯುತ್ತಿತ್ತು, ಇನ್ನೊಂದು ಕಡೆ ನಾಗೇಶ ವೈರಸ್ ಹುಡುಕಲು ಇಡೀ ಡಿಸ್ಕಿಗೆ ಸ್ಕ್ಯಾನ್ ಹಚ್ಚಿದ್ದ. ಮಧ್ಯಾಹ್ನದ ಹೊತ್ತು, ಅರಳೆ ಬರುತ್ತದೆಂದು ಪೆಟ್ಟಿಗೆಯ ಬಾಗಿಲು ಹಾಕಿ ಇಬ್ಬರೂ ಊಟಕ್ಕೆ ಹೋಗಿದ್ದರು. ಬಂದು ನೋಡಿದರೆ ಯಂತ್ರ ಆರಿತ್ತು. ಮತ್ತೆ ಹಚ್ಚಿದರು, ಹಾರ್ಡ್ ಡಿಸ್ಕಿನಲ್ಲಿ ಫೋಲ್ಡರ್ ಕಾಣಿಸಿತು, ಕಾಪಿ ಮುಗಿದಿದೆ ಎಂದುಕೊಂಡು ಅಳಿಸಿದರು. ಕ್ಯಾಮೆರಾದ ಕಾರ್ಡುಗಳೋ, ಆಮೇಲೆ ಎಷ್ಟೋ ಮದುವೆಗಳಿಗೆ ಬಳಕೆಯಾಗಿದ್ದವು.

"ಫೋಲ್ಡರ್ ತೆಗೆದು ಒಳಗ ನೋಡ್ಲಿಲ್ಲೇನು?"

"ನಾಗೇಶ ನೋಡ್ಯಾನ ಅನ್ಕೊಂಡೆ."

ಪದ್ಮಜಾ ಎದ್ದಳು. ಬೀಗದ ಕೈ ಕೇಳಲಿಲ್ಲ. ಲಕ್ಷ್ಮಿಯ ಫೋಟೊವನ್ನು ತೆಗೆದು ಮೇಜಿನ ಮೇಲಿಟ್ಟಳು. ಗಾಜಿನ ಬಾಗಿಲಿನ ಚೌಕಟ್ಟಿಗೆ ಎರಡೂ ಕೈ ಹಾಕಿ ಎಳೆದಳು. ತಿರುಪುಮೊಳೆಗಳು ಮರದ ಚೂರಿನ ಸಮೇತ ಕಿತ್ತುಬಂದವು. ಬಾಗಿಲು ಕೈಜಾರಿ ನೆಲಕ್ಕೆ ಬಿದ್ದು ಗಾಜು ಚೂರಾಯಿತು. ಬಾಲರಾಜ ಹುಚ್ಚು ಹಿಡಿದಿದೆಯೇನೇ ನಿನಗೆ ಎಂದು ಕೂಗುತ್ತಿದ್ದ. ಅವಳು ಡಬ್ಬಿಯನ್ನು ಹೊರಗೆಳೆದು, ಮೇಜಿನ ಮೇಲೆ ಮಲಗಿಸಿ, ಪಕ್ಕದ ತಗಡನ್ನು ಬಿಚ್ಚಿದಳು.

ಪ್ರೊಸೆಸರಿನ ಮೇಲಿನ ಫ್ಯಾನು ಕಾಣುತ್ತಲೇ ಇರಲಿಲ್ಲ. ಅದರ ರೆಕ್ಕೆಗಳ ಸುತ್ತ ಬೂದು ಬಣ್ಣದ ಅರಳೆ ಅಂಟಿಕೊಂಡಿತ್ತು. ಫ್ಯಾನನ್ನು ಕಳಚಿದರೆ ಅದರ ಕೆಳಗೆ, ಶಾಖ ಹೊರಹೋಗಬೇಕಾದ ತಗಡಿನ ಪದರಗಳ ಮೇಲೆ, ಕಂಬಳಿ ಹೊದಿಸಿದ ಹಾಗೆ ಹತ್ತಿ ಹೆಪ್ಪುಗಟ್ಟಿತ್ತು. ಗಾಜಿನ ಬಾಗಿಲು ಗಾಳಿಯನ್ನು ತಡೆದಿತ್ತೇ ಹೊರತು ಹತ್ತಿಯನ್ನಲ್ಲ. ಹಿಂದೆ ವೈರು ಹೋಗಲು ಬಡಗಿ ಕೊರೆದಿದ್ದ ತೂತಿನಿಂದ ಅದು ಆರಾಮಾಗಿ ಒಳಬಂದಿತ್ತು. ಪದ್ಮಜಾ ಉಗುರಿನಿಂದ ಆ ಪದರವನ್ನು ಎಬ್ಬಿಸಿದಳು. ರೊಟ್ಟಿ ಕಿತ್ತಂತೆ ಇಡಿಯಾಗಿ ಎದ್ದುಬಂತು. ಅದನ್ನು ಅಣ್ಣನ ಅಂಗೈಯ ಮೇಲಿಟ್ಟಳು.

"ತಗೋ," ಎಂದಳು. "ಇದಾ ನಿನ್ನ ವೈರಸ್ಸು."

ಬಾಲರಾಜ ಅದನ್ನು ಹೊಸಕಿ ಕಸದ ಬುಟ್ಟಿಗೆ ಹಾಕಿದ. ಆಮೇಲೆ, ಆದದ್ದಾಯಿತು, ಕೆಂಚಣ್ಣನಿಗೆ ಕ್ಯಾಮೆರಾದ ಕಾರ್ಡ್ ಕೆಟ್ಟಿದೆ ಅಂತ ಹೇಳೋಣ, ಕಾರ್ಡ್ ಕೆಟ್ಟರೆ ಯಾರ ತಪ್ಪೂ ಅಲ್ಲ, ಆಲ್ಬಮ್ಮನ್ನು ಇನ್ನಷ್ಟು ಚೆನ್ನಾಗಿ ಮಾಡಿಕೊಡೋಣ ಎಂದ.

ಇಷ್ಟು ಹೊತ್ತು ಅವಳ ಸಿಟ್ಟು ಕೈಯಲ್ಲಿತ್ತು. ಈಗ ಬಾಯಿಗೆ ಬಂತು. ಯಂತ್ರ ಬಿಸಿಯಾಗಿದೆ ಎಂದದ್ದನ್ನು ಕೇಳದೆ ಇದ್ದದ್ದು ಬೇರೆ, ತನ್ನನ್ನು ತಪ್ಪು ಬಟನ್ ಒತ್ತುವ ಹುಡುಗಿ ಮಾಡಿದ್ದು ಬೇರೆ, ಈಗ ಸತ್ತವಳ ದನಿಯನ್ನೂ ಸುಳ್ಳಿನಲ್ಲಿ ಮುಚ್ಚುವುದು ಬೇರೆ ಎಂದಳು. ತಾನು ಇವನ ಮಾತಿಗೆ ಕಟ್ಟುಬಿದ್ದು ಹಾಡನ್ನು ಆ ಮುದುಕನಿಗೆ ಮೊದಲೇ ಕೊಡದೆ ಹೋದೆನಲ್ಲ ಎಂಬ ಸಂಕಟವೂ ಆ ಮಾತುಗಳಲ್ಲಿ ಸೇರಿತ್ತು. ನಾಗೇಶನಿಗೆ ಅಲ್ಲಿಂದಲೇ ಫೋನ್ ಮಾಡಿದಳು. ಅವನು, ವೈರಸ್ ಇದ್ದದ್ದಂತೂ ನಿಜ ಅಕ್ಕಾ ಎಂದ. ಅವಳು ಫೋನ್ ಇಟ್ಟಳು.

ಅಂದೇ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಪ್ರೊಸೆಸರಿಗೆ ಹಚ್ಚುವ ಪೇಸ್ಟ್ ತಂದಳು. ಒಣಗಿ ಪುಡಿಯಾಗಿದ್ದ ಹಳೆಯದನ್ನು ಒರೆಸಿ ಹೊಸದನ್ನು ಹಚ್ಚಿದಳು; ಲೆನ್ಸ್ ಒರೆಸುವ ಕುಂಚದಿಂದ ಪದರ ಪದರವನ್ನೂ ಬಿಡಿಸಿ ತೆಗೆದಳು. ಡಬ್ಬಿಯನ್ನು ಮೇಜಿನ ಮೇಲೆ ಬಯಲಿನಲ್ಲಿಟ್ಟು, ಶಾಖದ ಪ್ರೋಗ್ರಾಮನ್ನು ಮತ್ತೆ ಹಾಕಿ, ಬೇರೊಂದು ಮದುವೆಯ ವಿಡಿಯೋ ಹಚ್ಚಿದಳು. ಎಪ್ಪತ್ತರ ಆಸುಪಾಸಿನಲ್ಲಿ ಅಂಕಿ ನಿಂತುಬಿಟ್ಟಿತು. ಫ್ಯಾನು ಅರಚಲಿಲ್ಲ. ವಿಡಿಯೋ ಕೊನೆಯ ತನಕ ಹೋಗಿ ಮುಗಿಯಿತು. ಮುಗಿದದ್ದನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ. ಆ ಪೆಟ್ಟಿಗೆಯ ಮರವನ್ನೂ ಒಡೆದುಹಾಕಬೇಕೆನ್ನಿಸಿತು. ಇಷ್ಟೇ ಕೆಲಸವನ್ನು ಯುಗಾದಿಯ ಮೊದಲೇ ಮಾಡಬಹುದಿತ್ತು.

ಬಾಲರಾಜ ಹೇಳಿದ್ದ ವಾರಕ್ಕೆ ಸರಿಯಾಗಿ ಕೆಂಚಣ್ಣ ಬಂದ. ಈ ಸಲ ಜೊತೆಗೆ ಭವಾನಿ ಇದ್ದಳು. ಗಂಡನ ಊರು ನಾಗಲದಿನ್ನೆಯಿಂದ ಅವ್ವನ ದನಿ ಕೇಳಲೆಂದೇ ಬಂದಿದ್ದಳು. ಬಾಲರಾಜ ಅವರನ್ನು ಕೂರಿಸಿ, ನೀರು ಕೊಟ್ಟು, ಕಾರ್ಡಿನ ಕಥೆ ಶುರುಮಾಡಿದ. ಪದ್ಮಜಾ ಕುರ್ಚಿ ತಿರುಗಿಸಿಕೊಂಡಳು.

"ಕಾರ್ಡ್ ಕೆಟ್ಟಿಲ್ಲ ಮಾವ," ಎಂದಳು. "ಕಂಪ್ಯೂಟರ್ ಬಿಸಿ ಆಗಿ ಆರ್ತಿತ್ತು. ನಾ ಹೇಳ್ದೆ, ಇವ್ರು ನಂಬ್ಲಿಲ್ಲ. ನಾ ಊರಾಗ ಇಲ್ದಾಗ ಎಲ್ಲಾ ಅಳಿಸ್ಯಾರ. ಅವ್ವ ಹಾಡಿದ್ದು ಹೋಗೈತಿ."

ಬಾಲರಾಜ ತಂಗಿಯ ಮುಖವನ್ನೇ ದುರುಗುಟ್ಟಿ ನೋಡಿದ. ಕೆಂಚಣ್ಣ ಮೇಜಿನ ಮೇಲಿದ್ದ ಡಬ್ಬಿಯ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟ.

"ತಣ್ಣಗೈತಲ್ಲ," ಎಂದ.

"ಈಗ ಐತಿ," ಎಂದಳು ಪದ್ಮಜಾ.

ಭವಾನಿಗೆ ಮಾತು ಒಮ್ಮೆಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಅಳಲಿಲ್ಲ. ಬಾಲರಾಜನ ಎದುರು ಬಂದು ನಿಂತಳು. ಕನ್ನಡದಲ್ಲಿ ಶುರುಮಾಡಿ ತೆಲುಗಿಗೆ ಹೊರಳಿ ಬೈದಳು. ಅಪ್ಪ ಬಿಸಿಲಿನಲ್ಲಿ ಎಷ್ಟು ಸಲ ಬಸ್ಸಿಗೆ ಓಡಾಡಿದ ಎಂದಳು. ಕುರಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬರುತ್ತಿದ್ದ, ಪ್ರತಿ ಸಲ ಹಿಂದಿರುಗಿ ಬಂದು ನಿಮ್ಮನ್ನೇ ವಹಿಸಿಕೊಂಡು ಮಾತಾಡುತ್ತಿದ್ದ, ದೊಡ್ಡ ಕೆಲಸ, ತಡವಾಗುತ್ತದೆ ಅನ್ನುತ್ತಿದ್ದ ಎಂದಳು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಬಾಲರಾಜ ತಲೆಯೆತ್ತಲಿಲ್ಲ. ಕೆಂಚಣ್ಣ ಮಗಳನ್ನು ತಡೆಯಲೂ ಇಲ್ಲ.

ಅವಳ ಉಸಿರು ತಹಬಂದಿಗೆ ಬಂದ ಮೇಲೆ ಪದ್ಮಜಾ ಉಳಿದದ್ದನ್ನು ಹಾಕಿ ತೋರಿಸಿದಳು. ಸುರಗಿಯ ಮೊದಲ ತುಣುಕು. ಹೆಂಗಸರು ಭೀಮಕ್ಕನನ್ನು ಮುಂದೆ ನೂಕುತ್ತಿದ್ದಾರೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಬರುತ್ತಾಳೆ. ಮೈಕು ನೋಡಿ ನಗುತ್ತಾಳೆ, ಇದರಾಗ ನನ್ನ ಸ್ವರ ಬರ್ತೈತೇನಪಾ ಎಂದು ಬಾಲರಾಜನನ್ನೇ ಕೇಳುತ್ತಾಳೆ. ಬರ್ತೈತಿ ಹಾಡಕ್ಕಾ ಎಂದು ಕ್ಯಾಮೆರಾದ ಹಿಂದಿನಿಂದ ಬಾಲರಾಜನ ದನಿ. ಅವಳು ಕಣ್ಣು ಮುಚ್ಚಿ, ಒಂದು ಸಾಲು ಎತ್ತುತ್ತಾಳೆ. ಹಿಂದಿನ ಹೆಂಗಸರು ದನಿಗೂಡಿಸಲು ಬಾಯಿ ತೆರೆಯುತ್ತಾರೆ. ಅಲ್ಲಿಗೆ ತುಣುಕು ನಿಲ್ಲುತ್ತದೆ.

ತನ್ನದೇ ದನಿ ಕೇಳಿ ಬಾಲರಾಜ ಎದ್ದು ಹೊರಗೆ ಹೋದ.

ಕೆಂಚಣ್ಣ ಇನ್ನೊಮ್ಮೆ ಹಾಕಲು ಹೇಳಿದ. ಹಾಕಿದಳು. ಮೂರನೆಯ ಸಲ ಹಾಕಲೇ ಎಂದು ಕೇಳಿದಾಗ ಬೇಡವೆಂದ. ಪದ್ಮಜಾ ಆ ತುಣುಕನ್ನು ಭವಾನಿಯ ಫೋನಿಗೂ ಒಂದು ಪೆನ್ ಡ್ರೈವಿಗೂ ಹಾಕಿಕೊಟ್ಟಳು. ಆಲ್ಬಮ್ ತೆಗೆದುಕೊಂಡು ಹೋಗಿ ಎಂದಳು. ಭವಾನಿ ಅದನ್ನು ಮುಟ್ಟಲಿಲ್ಲ.

ಕೆಂಚಣ್ಣ ಬಾಗಿಲ ಹತ್ತಿರ ನಿಂತ. "ನೀ ಖರೇ ಹೇಳ್ದಿ," ಎಂದ ಪದ್ಮಜಾಳಿಗೆ. "ಅದಕ್ಕ ನಿಂಗ ಏನೂ ಅನ್ನಲ್ಲ. ಆದ್ರ ಈ ಅಂಗಡಿ ಮೆಟ್ಲಾ ಮತ್ತ ಹತ್ತಲ್ಲ ಯವ್ವಾ. ನಮ್ಮ ಊರಾಗ ಯಾರೂ ಹತ್ತದಂಗ ಮಾಡ್ತೀನಿ."

ಹೊರಗೆ ಬಾಲರಾಜ ಬೈಕಿಗೆ ಒರಗಿ ನಿಂತಿದ್ದ. ಕೆಂಚಣ್ಣ ಅವನ ಮುಂದೆಯೇ ಹಾದುಹೋದ, ನಿಲ್ಲಲಿಲ್ಲ.

ಬಾಲರಾಜ ಒಳಬಂದದ್ದು ಬೀದಿ ಖಾಲಿಯಾದ ಮೇಲೆ. ಹೊರಗಿನವರ ಮುಂದೆ ಅಣ್ಣನ ಮಾನ ಕಳೆದೆ, ನಾಳೆಯಿಂದ ಬರಬೇಡ ಎಂದ. ಪದ್ಮಜಾ, ಹಾಗಾದರೆ ಬಾಕಿ ಇರುವ ಮದುವೆಗಳನ್ನೆಲ್ಲ ನಾಗೇಶ ಮುಗಿಸಿಕೊಡಲಿ ಎಂದು ಚೀಲ ತೆಗೆದುಕೊಂಡು ಮನೆಗೆ ಹೋದಳು. ಆ ವಾರ ಸ್ಟುಡಿಯೋದ ಬಾಗಿಲು ತೆರೆದಿತ್ತು, ಕೆಲಸ ನಡೆಯಲಿಲ್ಲ. ಮುಂದಿನ ವಾರ ಬಾಲರಾಜ ಅವಳ ಮನೆಗೆ ಬಂದ. ಒಳಗೆ ಬರಲು ಕರೆದರೂ ಬಾರದೆ, ಕಟ್ಟೆಯ ಮೇಲೆ ಕೂತು, ಕೌತಾಳಂಗೆ ಹೋಗಿದ್ದೆ ಎಂದ. ಕೆಂಚಣ್ಣ ಹಟ್ಟಿಯಿಂದ ಹೊರಗೆ ಬಂದಿರಲಿಲ್ಲ. ಬಾಲರಾಜ ಬಾಗಿಲಲ್ಲೇ ನಿಂತು, ತಪ್ಪು ನನ್ನದು, ತಂಗಿಯದಲ್ಲ ಎಂದು ಹೇಳಿ ಬಂದಿದ್ದ.

"ನಾಳಿಂದ ಬಾ," ಎಂದ. "ಇನ್ನೂ ಎಷ್ಟು ದಿವ್ಸ ಹಿಂಗ ಮುಖ ತಿರುಗಸ್ತಿ?" ಎಂದು ಕೇಳಿದ.

"ಗೊತ್ತಿಲ್ಲ," ಎಂದಳು ಪದ್ಮಜಾ. ಅದು ನಿಜವಾಗಿತ್ತು. ಚಹಾ ತಂದು ಅವನ ಪಕ್ಕದಲ್ಲಿಟ್ಟಳು, ತಾನು ಕೂರದೆ ಒಳಗೆ ಹೋದಳು. ಮರುದಿನ ಸ್ಟುಡಿಯೋಗೆ ಹೋದಳು. ಮರದ ಪೆಟ್ಟಿಗೆ ಅಲ್ಲಿರಲಿಲ್ಲ, ಬಾಲರಾಜನೇ ತೆಗೆದುಹಾಕಿದ್ದ. ಅದಕ್ಕಾಗಿ ಅವಳು ಅವನಿಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ.